ಚಿಕ್ಕ ಟ್ಯಾಂಕರ್ ಹಡಗು ಈಗ ಎಲ್ಲಿದೆ, ಎಲ್ಲೆಲ್ಲಿ ಹೋಗಿ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಪಣಂಬೂರು ಬೀಚಿನಲ್ಲಿ ನಿಂತರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳು ಕಾಣುತ್ತವೆ. ನೋಡುವವರಿಗೆ ಇದು ಯಾವ ಹಡಗು, ಏನು ತಂದಿದೆ ಎಂಬ ಕುತೂಹಲ. ಮಗನನ್ನೋ ತಮ್ಮನನ್ನೋ ಶಿಪ್ಪಿಗೆ ಕಳಿಸಿದ ಮನೆಗಳಲ್ಲಿ ಕುತೂಹಲಕ್ಕಿಂತ ಆತಂಕ ಜಾಸ್ತಿ. ಇಬ್ಬರೂ ಮೊಬೈಲಿನಲ್ಲಿ ಹಡಗುಗಳನ್ನು ತೋರಿಸುವ ಅದೇ ನಕ್ಷೆ ತೆರೆಯುತ್ತಾರೆ, ಅದೇ ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿ ಕಾಣುವುದರಲ್ಲಿ ಕೆಲವು ಯಂತ್ರ ತಾನಾಗಿ ಹೇಳಿದ್ದು, ಕೆಲವು ಹಡಗಿನಲ್ಲಿರುವ ಒಬ್ಬರು ಕೈಯಿಂದ ಟೈಪ್ ಮಾಡಿದ್ದು. ಯಾವುದು ಯಾವ ಬಗೆಯದು ಅಂತ ಗೊತ್ತಾದರೆ ಮುಕ್ಕಾಲು ಗೊಂದಲ ಅಲ್ಲೇ ಮುಗಿಯುತ್ತದೆ.

ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ನಾಲ್ಕು ಹಡಗು ಬರುತ್ತವೆ. ನಮ್ಮದು ಯಾವುದು?

ಹೆಸರನ್ನು ನಂಬಬೇಡಿ, ಐಎಂಒ ನಂಬರ್ ಕೇಳಿ. ಏಳು ಅಂಕಿಯ ಈ ನಂಬರ್ ಹಡಗಿನ ಒಡಲಿಗೆ ಅಂಟಿದ್ದು. ಮಾಲೀಕ ಬದಲಾಗಲಿ, ಹೆಸರು ಬದಲಾಗಲಿ, ಧ್ವಜ (ನೋಂದಾಯಿಸಿದ ದೇಶ) ಬದಲಾಗಲಿ, ಗುಜರಿಗೆ ಹೋಗುವ ತನಕ ಅದೇ ಇರುತ್ತದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) ಈ ಪದ್ಧತಿ ತಂದದ್ದು 1987ರಲ್ಲಿ. ಕಡ್ಡಾಯವಾದದ್ದು 1996ರ ಜನವರಿ 1ರಿಂದ. ಹಡಗಿನ ಹಿಂಭಾಗದಲ್ಲೋ ಪಕ್ಕದಲ್ಲೋ ದೊಡ್ಡದಾಗಿ ಬರೆದಿರುತ್ತದೆ. ಬೈನಾಕ್ಯುಲರ್ ಇದ್ದರೆ ಓದಬಹುದು.

ಯಾರೋ ವಾಟ್ಸಾಪಿನಲ್ಲಿ ಕಳಿಸಿದ ನಂಬರ್ ಸರಿಯಿದೆಯಾ ಅಂತ ನೀವೇ ಪರೀಕ್ಷೆ ಮಾಡಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ ಏಳನೇ ಅಂಕಿಗೆ ಸರಿಹೊಂದಬೇಕು. 9074729 ತಗೊಳ್ಳಿ: 63, 0, 35, 16, 21, 4. ಕೂಡಿದರೆ 139. ಕೊನೆಗೆ 9, ನಂಬರಿನ ಕೊನೆಗೂ 9. ಹೊಂದದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಾಗಿದೆ, ಇಲ್ಲವೇ ನಂಬರೇ ಸುಳ್ಳು.

ಹಾಗಾದರೆ ಎಂಎಂಎಸ್ಐ ನಂಬರ್ ಯಾಕೆ?

ಅದು ಹಡಗಿನ ರೇಡಿಯೋದ ನಂಬರ್. ಒಂಬತ್ತು ಅಂಕಿ, ಮೊದಲ ಮೂರು ದೇಶದ ಗುರುತು. ಭಾರತಕ್ಕೆ 419, ಲೈಬೀರಿಯಾಕ್ಕೆ 636, ಮಾರ್ಷಲ್ ದ್ವೀಪಗಳಿಗೆ 538. ಐಎಂಒ ನಂಬರ್ ಗಾಡಿಯ ಚಾಸಿಸ್ ನಂಬರ್ ಆದರೆ ಇದು ನಂಬರ್ ಪ್ಲೇಟ್. ಧ್ವಜ ಬದಲಾದರೆ ಇದೂ ಬದಲಾಗುತ್ತದೆ. ಹೋದ ವರ್ಷ ಉಳಿಸಿಟ್ಟುಕೊಂಡ ಲಿಂಕ್ ಈ ವರ್ಷ ಖಾಲಿ ಕಂಡರೆ ಹಡಗು ಮುಳುಗಿತು ಅಂತ ಹೆದರಬೇಡಿ. ಐಎಂಒ ನಂಬರ್ ಹಾಕಿ ಮತ್ತೆ ಹುಡುಕಿ.

ಜಿಟಿ ಅಂತ ಒಂದು, ಡಿಡಬ್ಲ್ಯುಟಿ ಅಂತ ಒಂದು. ಎರಡೂ ಟನ್ನೇ ಅಲ್ವಾ?

ಅಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಜಿಟಿ ತೂಕವೇ ಅಲ್ಲ. ಹಡಗಿನ ಒಳಗಿನ ಒಟ್ಟು ಜಾಗವನ್ನು ಒಂದು ಸೂತ್ರಕ್ಕೆ ಹಾಕಿ ತೆಗೆದ ಸಂಖ್ಯೆ, ಅದಕ್ಕೆ ಅಳತೆಯ ಹೆಸರೇ ಇಲ್ಲ. ಬಂದರು ಶುಲ್ಕ, ಸುರಕ್ಷತೆಯ ನಿಯಮ ಇವೆಲ್ಲ ಸಾಮಾನ್ಯವಾಗಿ ಇದರ ಮೇಲೆ ನಿಲ್ಲುತ್ತವೆ. ಡಿಡಬ್ಲ್ಯುಟಿ ನಿಜವಾದ ತೂಕ: ಹಡಗು ಹೊರಬಲ್ಲ ಸರಕು, ಎಣ್ಣೆ, ಕುಡಿಯುವ ನೀರು, ದಿನಸಿ, ಜನ ಎಲ್ಲ ಸೇರಿ. ಹಾಗಾಗಿ 6,000 ಡಿಡಬ್ಲ್ಯುಟಿ ಟ್ಯಾಂಕರ್ ಅಂದರೆ 6,000 ಟನ್ ಸರಕು ಅಂತ ಅಲ್ಲ. ಅದರ ಸ್ವಂತ ಇಂಧನ, ನೀರು ಕಳೆದು ಉಳಿದದ್ದು ಸರಕು.

ಚಿಕ್ಕ ಟ್ಯಾಂಕರ್ ಅಂದರೆ ಎಷ್ಟು? ಕಾನೂನಿನ ಗೆರೆ ಏನೂ ಇಲ್ಲ. ಮಾತಿಗೆ 10,000 ಡಿಡಬ್ಲ್ಯುಟಿ ಒಳಗಿನದ್ದು ಅಂದುಕೊಳ್ಳಿ. ಕಚ್ಚಾತೈಲ ತರುವ ದೈತ್ಯ ಟ್ಯಾಂಕರ್, ಅಂದರೆ ವಿಎಲ್‌ಸಿಸಿ 2 ಲಕ್ಷಕ್ಕಿಂತ ಮೇಲೆ. ಮಂಗಳೂರಿನಲ್ಲಿ ಅಂಥವು ಬಂದರಿನ ಒಳಗೆ ಬರುವುದೇ ಇಲ್ಲ. ದಡದಿಂದ ಆಚೆ ಎಸ್‌ಪಿಎಂ ಎಂಬ ತೇಲುವ ಬೋಯಾ ಇದೆ, ಅದಕ್ಕೆ ಕಟ್ಟಿಕೊಂಡು ಕೊಳವೆಯಲ್ಲೇ ತೈಲ ಇಳಿಸುತ್ತವೆ. ಹಾಗಾಗಿ ಸಮುದ್ರದ ನಡುವೆ ಒಂದೇ ಜಾಗದಲ್ಲಿ ನಿಂತ ದೊಡ್ಡ ಟ್ಯಾಂಕರ್ ಕಂಡರೆ ಕೆಟ್ಟು ನಿಂತಿದೆ ಅಂದುಕೊಳ್ಳಬೇಡಿ.

ಒಂದು ಕಡೆ ಉದ್ದ 99 ಮೀಟರ್, ಇನ್ನೊಂದು ಕಡೆ 104. ಯಾವುದು ಸರಿ?

ನಕ್ಷೆ ತೋರಿಸುವ ಉದ್ದ ಹಲವು ಸಲ ಹಡಗಿನ ಎಐಎಸ್ ಯಂತ್ರದಿಂದ, ಅಂದರೆ ಹಡಗಿನ ಜಾಗ ಮತ್ತು ವಿವರವನ್ನು ರೇಡಿಯೋದಲ್ಲಿ ಸಾರುವ ಯಂತ್ರದಿಂದ, ಬಂದದ್ದು. ಆ ಯಂತ್ರ ಕೂರಿಸುವಾಗ ಜಿಪಿಎಸ್ ಆಂಟೆನಾದಿಂದ ಮೂತಿಗೆ ಎಷ್ಟು, ಹಿಂಭಾಗಕ್ಕೆ ಎಷ್ಟು, ಎಡಬಲಕ್ಕೆ ಎಷ್ಟು ಅಂತ ನಾಲ್ಕು ಅಳತೆ ಹಾಕುತ್ತಾರೆ. ಮೊದಲ ಎರಡರ ಮೊತ್ತವೇ ಉದ್ದ. ಕೂರಿಸಿದವರು ಅಂದಾಜಿಗೆ ಹಾಕಿದ್ದರೆ ತಪ್ಪು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಧಕ್ಕೆಗೆ (ಬಂದರಿನ ಕಟ್ಟೆಗೆ) ಕಟ್ಟಿದ ಹಡಗಿನ ಚಿತ್ರ ನಕ್ಷೆಯಲ್ಲಿ ಅರ್ಧ ನೆಲದ ಮೇಲೆ ಹತ್ತಿ ಕೂತಂತೆ ಕಾಣುವುದಕ್ಕೂ ಇದು ಒಂದು ಕಾರಣ.

ಸರಿಯಾದ ವಿವರ ಬೇಕಿದ್ದರೆ ಹಡಗಿಗೆ ಸರ್ಟಿಫಿಕೇಟ್ ಕೊಟ್ಟ ವರ್ಗೀಕರಣ ಸಂಸ್ಥೆಯ ರಿಜಿಸ್ಟರ್ ನೋಡಿ. ನಮ್ಮಲ್ಲಿ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್, ಹೊರಗೆ ಡಿಎನ್‌ವಿ, ಲಾಯ್ಡ್ಸ್ ರಿಜಿಸ್ಟರ್, ಕ್ಲಾಸ್ ಎನ್‌ಕೆ ಇತ್ಯಾದಿ. ಎಲ್ಲಕ್ಕಿಂತ ಸುಲಭ ಈಕ್ವಾಸಿಸ್ ಎಂಬ ತಾಣ. ದುಡ್ಡಿಲ್ಲ, ಇಮೇಲ್ ಕೊಟ್ಟು ಖಾತೆ ತೆರೆದರೆ ಸಾಕು. ಹುಟ್ಟಿದ ವರ್ಷ, ಹಳೆಯ ಹೆಸರುಗಳು, ಹಳೆಯ ಧ್ವಜಗಳು, ಮಾಲೀಕ, ನಡೆಸುವ ಕಂಪನಿ, ಯಾವ ಬಂದರಿನಲ್ಲಿ ತಪಾಸಣೆ ಆಯಿತು, ಎಲ್ಲಿ ತಡೆದು ನಿಲ್ಲಿಸಿದರು, ಎಲ್ಲ ಅಲ್ಲಿ ಸಿಗುತ್ತದೆ. ಬಹಳ ಜನ ಬಣ್ಣಬಣ್ಣದ ನಕ್ಷೆಯಲ್ಲೇ ಗಂಟೆ ಕಳೆಯುತ್ತಾರೆ, ಇದನ್ನು ಮಾತ್ರ ತೆರೆಯುವುದಿಲ್ಲ.

ಒಳಗೆ ಏನಿದೆ ಅಂತ ಹೊರಗಿನಿಂದ ಗೊತ್ತಾಗುತ್ತದಾ?

ಪೂರ್ತಿ ಗೊತ್ತಾಗುವುದಿಲ್ಲ. ಎಐಎಸ್‌ನಲ್ಲಿ 80ರಿಂದ 89ರ ತನಕದ ಸಂಖ್ಯೆ ಟ್ಯಾಂಕರ್ ಅಂತ ಹೇಳುತ್ತದೆ, ಅಷ್ಟೇ. ಡೆಕ್ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಉದ್ದಕ್ಕೂ ಪೈಪುಗಳು, ನಡುವೆ ಮೆದುಗೊಳವೆ ಜೋಡಿಸುವ ಮ್ಯಾನಿಫೋಲ್ಡ್, ಪಕ್ಕದಲ್ಲೊಂದು ಪುಟ್ಟ ಕ್ರೇನ್ ಇದ್ದರೆ ಎಣ್ಣೆಯದ್ದೋ ರಾಸಾಯನಿಕದ್ದೋ. ಡೆಕ್ಕಿನ ಮೇಲೆ ದುಂಡನೆ ಬೆನ್ನು ಎದ್ದಿದ್ದರೆ ಗ್ಯಾಸಿನದ್ದು.

ಮಂಗಳೂರಿಗೆ ಬರುವ ದ್ರವ ಸರಕು ಒಂದೆರಡಲ್ಲ. ಎಂಆರ್‌ಪಿಎಲ್‌ನ ತೈಲ, ಎಲ್‌ಪಿಜಿ, ತಾಳೆ ಎಣ್ಣೆ, ಗೊಬ್ಬರದ ಕಾರ್ಖಾನೆಗೆ ಅಮೋನಿಯಾ ಮತ್ತು ಫಾಸ್ಫರಿಕ್ ಆಸಿಡ್. ಕಾರವಾರಕ್ಕೆ ಡಾಂಬರು ಹಡಗುಗಳು ಬರುತ್ತವೆ. ಡಾಂಬರನ್ನು ದಾರಿಯುದ್ದಕ್ಕೂ 150 ಡಿಗ್ರಿ ಆಸುಪಾಸಿನಲ್ಲಿ ಬಿಸಿ ಇಟ್ಟುಕೊಂಡೇ ತರಬೇಕು. ಆರಿದರೆ ಇಳಿಸುವುದಕ್ಕೆ ಬರುವುದಿಲ್ಲ. ತಾಳೆ ಎಣ್ಣೆಗೂ ಬಿಸಿ ಬೇಕು, ಅಷ್ಟು ಜಾಸ್ತಿ ಅಲ್ಲ. ಜೊತೆಗೆ 2007ರಿಂದ ಅಡುಗೆ ಎಣ್ಣೆ ಹೊರುವುದಕ್ಕೂ ರಾಸಾಯನಿಕ ಟ್ಯಾಂಕರಿನ ದರ್ಜೆ ಬೇಕಾಯಿತು. ಹಾಗಾಗಿ ವಿವರದಲ್ಲಿ ಕೆಮಿಕಲ್ ಟ್ಯಾಂಕರ್ ಅಂತ ಇದ್ದರೂ ಒಳಗಿರುವುದು ನಾಳೆ ನಮ್ಮ ಗೋಳಿಬಜೆ ಕರಿಯುವ ಎಣ್ಣೆಯೇ ಇರಬಹುದು.

ಹಡಗು ಎಲ್ಲಿದೆ ಅಂತ ನಕ್ಷೆಗೆ ಹೇಗೆ ಗೊತ್ತಾಗುತ್ತದೆ?

ಹಡಗೇ ಹೇಳುತ್ತದೆ. ವಿದೇಶಕ್ಕೆ ಓಡುವ 300 ಜಿಟಿ ಮೇಲಿನ ಹಡಗುಗಳಲ್ಲಿ ಎಐಎಸ್ ಕಡ್ಡಾಯ. 2004ರ ಕೊನೆಯ ಹೊತ್ತಿಗೆ ಎಲ್ಲವೂ ಹಾಕಿಸಿಕೊಂಡಿರಬೇಕಿತ್ತು. ಓಡುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಾಗ 3 ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ವಿಎಚ್‌ಎಫ್ ರೇಡಿಯೋದಲ್ಲಿ ಸಾರುತ್ತದೆ. ಒಂದಕ್ಕೊಂದು ಡಿಕ್ಕಿ ಆಗದಿರಲಿ ಅಂತ ಮಾಡಿದ ವ್ಯವಸ್ಥೆ ಇದು. ನಾವು ಮನೆಯಲ್ಲಿ ಕೂತು ನೋಡಲಿ ಅಂತ ಮಾಡಿದ್ದಲ್ಲ. ದಡದಲ್ಲಿ ಆಂಟೆನಾ ಇಟ್ಟವರು, ಎಷ್ಟೋ ಕಡೆ ಹವ್ಯಾಸಿಗಳೇ, ಆ ಸಂದೇಶ ಹಿಡಿದು ಮರೈನ್‌ಟ್ರಾಫಿಕ್, ವೆಸೆಲ್‌ಫೈಂಡರ್‌ನಂಥ ತಾಣಗಳಿಗೆ ಕಳಿಸುತ್ತಾರೆ.

ಜಾಗ, ವೇಗ, ದಿಕ್ಕು: ಇವು ಯಂತ್ರದ್ದು. ಹೋಗುವ ಊರು, ತಲುಪುವ ಹೊತ್ತು, ಡ್ರಾಫ್ಟ್ (ಹಡಗು ನೀರಿನಲ್ಲಿ ಮುಳುಗಿದ ಆಳ), ಓಡುತ್ತಿದೆಯೋ ನಿಂತಿದೆಯೋ ಎಂಬ ಸ್ಥಿತಿ: ಇವು ಮನುಷ್ಯರದ್ದು. 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದಲ್ಲಿ ಓಡುವ ಹಡಗಿನ ಕೆಳಗೆ ಲಂಗರು ಹಾಕಿದೆ ಅಂತ ಬರೆದಿದ್ದರೆ, ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಇರುವವರು ಗುಂಡಿ ಒತ್ತುವುದನ್ನು ಮರೆತಿದ್ದಾರೆ ಅಂತಷ್ಟೇ ಅರ್ಥ.

ಮೂರು ದಿನದಿಂದ ಹಡಗು ಕಾಣಿಸುತ್ತಿಲ್ಲ. ಏನಾದರೂ ಆಗಿದೆಯಾ?

ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ದಡದ ಆಂಟೆನಾಗೆ ಸಿಗುವುದು ಸುಮಾರು 20ರಿಂದ 40 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿಲೋಮೀಟರ್) ಒಳಗಿನ ಹಡಗು. ಯುಎಇಯ ಫುಜೈರಾದಿಂದ ಮಂಗಳೂರಿಗೆ ಸುಮಾರು 1,300 ನಾಟಿಕಲ್ ಮೈಲಿ. ಚಿಕ್ಕ ಟ್ಯಾಂಕರ್ 11 ನಾಟ್ ಓಡಿದರೆ ಹತ್ತಿರ ಹತ್ತಿರ 5 ದಿನ. ಅದರಲ್ಲಿ ಮೊದಲ ಮತ್ತು ಕೊನೆಯ ಕೆಲವು ಗಂಟೆ ಬಿಟ್ಟರೆ ನಡುವೆ ದಡದವರಿಗೆ ಏನೂ ಕೇಳಿಸುವುದಿಲ್ಲ. ಉಪಗ್ರಹ ಹಿಡಿಯುತ್ತದೆ, ಆದರೆ ಆ ಮಾಹಿತಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಹಾಗಾಗಿ ಕೊನೆಯ ಸಿಗ್ನಲ್ ಎಲ್ಲಿ ಸಿಕ್ಕಿತು, ಯಾವ ದಿಕ್ಕಿಗೆ, ಎಷ್ಟು ವೇಗ ಅಂತ ಬರೆದಿಟ್ಟುಕೊಂಡು ದೂರವನ್ನು ವೇಗದಿಂದ ಭಾಗಿಸಿ. ಆ ಲೆಕ್ಕದ ದಿನ ಕಳೆದು ಇನ್ನೂ ಒಂದೆರಡು ದಿನ ಆದರೂ ಸುದ್ದಿ ಇಲ್ಲ ಅಂದರೆ ಕಂಪನಿಗೆ ಫೋನ್ ಮಾಡಿ.

ಗಲ್ಫ್ ಕಡೆ, ಕೆಂಪು ಸಮುದ್ರದ ಕಡೆ ಇನ್ನೊಂದು ಕಾಟ ಇದೆ. ಜಿಪಿಎಸ್‌ಗೆ ಯಾರೋ ಅಡ್ಡಿ ಮಾಡಿದಾಗ ಹಡಗುಗಳು ನಕ್ಷೆಯಲ್ಲಿ ವಿಮಾನ ನಿಲ್ದಾಣದ ಮೇಲೋ ಮರುಭೂಮಿಯ ಮಧ್ಯೆಯೋ ಸುತ್ತು ಹೊಡೆಯುತ್ತಿರುವಂತೆ ಕಾಣುತ್ತವೆ. ಹಡಗು ತನ್ನ ಪಾಡಿಗೆ ನೀರಿನಲ್ಲೇ ಇರುತ್ತದೆ. ಕಡಲ್ಗಳ್ಳರ ಭಯ ಇರುವಲ್ಲಿ ಕ್ಯಾಪ್ಟನ್ ಎಐಎಸ್ ಆರಿಸಲೂಬಹುದು, ಅದಕ್ಕೆ ನಿಯಮದಲ್ಲಿ ಅವಕಾಶ ಇದೆ.

ಹಾಗಂತ ಯಾವಾಗಲೂ ಸುಮ್ನೆ ಕೂರಬೇಕು ಅಂತಲ್ಲ. 2018ರ ಫೆಬ್ರವರಿ ಶುರುವಿನಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್ ಹತ್ತಿರ ಲಂಗರು ಹಾಕಿದ್ದ ಮರೈನ್ ಎಕ್ಸ್‌ಪ್ರೆಸ್ ಎಂಬ ಟ್ಯಾಂಕರಿನ ಸಂಪರ್ಕ ತಪ್ಪಿತು. ಒಳಗೆ 22 ಭಾರತೀಯರು, 13,500 ಟನ್ ಪೆಟ್ರೋಲ್. ಕಡಲ್ಗಳ್ಳರು ಕೊಂಡೊಯ್ದಿದ್ದರು. ಕೆಲವೇ ದಿನಗಳಲ್ಲಿ ಎಲ್ಲರೂ ಬಿಡುಗಡೆಯಾದರು. ನಡು ಸಮುದ್ರದಲ್ಲಿ ಸಿಗ್ನಲ್ ಹೋಗುವುದು ಮಾಮೂಲಿ. ಆಂಟೆನಾಗಳಿರುವ ಬಂದರಿನ ಎದುರು, ಲಂಗರಿನಲ್ಲಿ ನಿಂತ ಹಡಗಿನ ಸಿಗ್ನಲ್ ಹೋಗುವುದು ಮಾಮೂಲಿ ಅಲ್ಲ. ಆಗ ಅದೇ ದಿನ ವಿಚಾರಿಸಿ.

ಹೋಗುವ ಊರು ಮಂಗಳೂರು ಅಂತ ಇತ್ತು, ಹಡಗು ಮುಂಬೈಗೆ ಹೋಯಿತು. ಯಾಕೆ?

ಆ ಜಾಗದಲ್ಲಿ ಹಿಡಿಸುವುದು 20 ಅಕ್ಷರ. ಹೆಚ್ಚಾಗಿ ಸೆಕೆಂಡ್ ಆಫೀಸರ್ ಟೈಪ್ ಮಾಡುತ್ತಾರೆ. ಒಬ್ಬರು ಪೂರ್ತಿ ಹೆಸರು ಬರೆಯುತ್ತಾರೆ, ಒಬ್ಬರು ಐದಕ್ಷರದ ಬಂದರು ಸಂಕೇತ: ಮೊದಲ ಎರಡು ಅಕ್ಷರ ದೇಶ, ಆಮೇಲಿನ ಮೂರು ಬಂದರು. ನವಮಂಗಳೂರಿಗೆ ಐ ಎನ್ ಎನ್ ಎಂ ಎಲ್. ಕೆಲವರು ಫಾರ್ ಆರ್ಡರ್ಸ್ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅಂದರೆ ಸರಕು ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಟ್ಯಾಂಕರಿನ ಲೋಕದಲ್ಲಿ ಇದು ದಿನದ ಮಾತು. ತಲುಪುವ ಹೊತ್ತಿನ ಜಾಗದಲ್ಲಿ ತಿಂಗಳು, ದಿನ, ಗಂಟೆ, ನಿಮಿಷ ಇರುತ್ತದೆ, ವರ್ಷ ಇರುವುದಿಲ್ಲ. ಹಳೆಯ ಪ್ರಯಾಣದ್ದು ಬದಲಾಯಿಸದೆ ಬಿಟ್ಟಿರುವುದೂ ಉಂಟು.

ದಾರಿಯಲ್ಲಿ ನಡೆಯುವುದು ಬೇರೆಯೇ ಇರಬಹುದು. 2023ರ ಡಿಸೆಂಬರ್ 23ರಂದು ಸೌದಿಯಿಂದ ಮಂಗಳೂರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ ಗುಜರಾತ್ ಕರಾವಳಿಯ ಆಚೆ ಡ್ರೋನ್ ಬಡಿಯಿತು. ಕರಾವಳಿ ಕಾವಲು ಪಡೆಯ ವಿಕ್ರಮ್ ಹಡಗಿನ ಬೆಂಗಾವಲಿನಲ್ಲಿ ಅದು ಹೋಗಿ ಸೇರಿದ್ದು ಮುಂಬೈಗೆ. ಅದು ಚಿಕ್ಕ ಹಡಗೇನಲ್ಲ, ಆದರೆ ಹೋಗುವ ಊರು ಎಂಬುದು ಬರೀ ಉದ್ದೇಶ ಅಂತ ಅರ್ಥ ಮಾಡಿಕೊಳ್ಳಲು ಸಾಕು.

ಬಂದರು ಭೇಟಿಯ ಪಟ್ಟಿ ಎಷ್ಟು ನಂಬಬಹುದು?

ಬಂದರಿನ ಕಚೇರಿಯಿಂದ ಬಂದ ದಾಖಲೆ ಅದಲ್ಲ. ತಾಣದವರು ಪ್ರತಿ ಬಂದರಿನ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಹಡಗು ಗೆರೆ ದಾಟಿ ಒಳಗೆ ಬಂದರೆ ಆಗಮನ, ಹೊರಗೆ ಹೋದರೆ ನಿರ್ಗಮನ. ಲಂಗರಿನ ಜಾಗ ಗೆರೆಯ ಒಳಗಿದ್ದರೆ ಧಕ್ಕೆ ಮುಟ್ಟದೆ ಹೋದ ಹಡಗೂ ಬಂದಂತೆ ಲೆಕ್ಕ. ಫುಜೈರಾ ಎದುರು ಬರೀ ಇಂಧನ ತುಂಬಿಸಿಕೊಂಡು ಹೋದರೂ ಒಂದು ಭೇಟಿ. ಸಮುದ್ರದಲ್ಲೇ ಒಂದು ಹಡಗಿನಿಂದ ಇನ್ನೊಂದಕ್ಕೆ ಸರಕು ದಾಟಿಸಿದ್ದು ಪಟ್ಟಿಯಲ್ಲಿ ಬಾರದೇ ಹೋಗಬಹುದು. ಸಮಯ ಯುಟಿಸಿ (ಗ್ರೀನ್‌ವಿಚ್ ಸಮಯ) ಆಗಿದ್ದರೆ ಐದೂವರೆ ಗಂಟೆ ಸೇರಿಸಿ ಓದಿ. ಇಲ್ಲದಿದ್ದರೆ ರಾತ್ರಿ ಬಂದ ಹಡಗಿನ ತಾರೀಕೇ ತಪ್ಪುತ್ತದೆ.

ಮಂಗಳೂರಿನ ಮಟ್ಟಿಗೆ ಇನ್ನೂ ಒಳ್ಳೆ ದಾರಿ ಇದೆ. ನವಮಂಗಳೂರು ಬಂದರು ಪ್ರಾಧಿಕಾರ ತನ್ನ ತಾಣದಲ್ಲಿ ದಿನದ ಹಡಗುಗಳ ಪಟ್ಟಿ ಹಾಕುತ್ತದೆ. ಯಾವ ಬರ್ತಿನಲ್ಲಿ (ಹಡಗು ಕಟ್ಟುವ ಜಾಗದಲ್ಲಿ) ಯಾವ ಹಡಗು, ಏನು ಸರಕು, ಯಾವುದು ಹೊರಗೆ ಕಾಯುತ್ತಿದೆ, ಯಾವುದು ಬರಲಿದೆ ಅಂತ ನೋಡಬಹುದು. ನಕ್ಷೆ ಮತ್ತು ಈ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಊಹೆ ಮಾಡುವ ಕೆಲಸ ಅಷ್ಟಾಗಿ ಉಳಿಯುವುದಿಲ್ಲ.

ಸರಕು ಇಳಿಸಿತೋ ತುಂಬಿಸಿತೋ ಅಂತ ತಿಳಿಯುವುದು ಹೇಗೆ?

ಡ್ರಾಫ್ಟ್ ನೋಡಿ. ಹಡಗು ನೀರಿನೊಳಗೆ ಎಷ್ಟು ಮೀಟರ್ ಮುಳುಗಿದೆ ಎಂಬ ಅಳತೆ. ಬರುವಾಗ 6.5, ಹೋಗುವಾಗ 4.5 ಇದ್ದರೆ ಇಳಿಸಿದೆ. ಎಷ್ಟು ಇಳಿಸಿತು ಅಂತಲೂ ಅಂದಾಜು ಹಾಕಬಹುದು. ಹಡಗು 100 ಮೀಟರ್ ಉದ್ದ, 16 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಗುಣಿಸಿದರೆ 1,600. ಹಡಗು ಚೌಕದ ಪೆಟ್ಟಿಗೆ ಅಲ್ಲ, ಮೂತಿ ಚೂಪು, ಹಾಗಾಗಿ ನೂರಕ್ಕೆ 80 ಭಾಗ ಹಿಡಿಯಿರಿ: 1,280 ಚದರ ಮೀಟರ್. ಸಮುದ್ರದ ನೀರು ಒಂದು ಘನ ಮೀಟರಿಗೆ 1.025 ಟನ್. ಅಂದರೆ ಒಂದು ಸೆಂಟಿಮೀಟರ್ ಏಳಬೇಕಾದರೆ ಸುಮಾರು 13 ಟನ್ ಇಳಿಯಬೇಕು. 2 ಮೀಟರ್ ಎದ್ದಿದೆ ಅಂದರೆ 2,600 ಟನ್. ನಿಜವಾಗಿ ಇಳಿಸಿದ್ದು ಇದಕ್ಕಿಂತ ಜಾಸ್ತಿ ಇರುತ್ತದೆ. ಯಾಕೆಂದರೆ ಖಾಲಿ ಹಡಗು ತೂಗಾಡದಿರಲಿ ಅಂತ ಬ್ಯಾಲಾಸ್ಟ್ ನೀರು ತುಂಬಿಕೊಂಡು ಹೊರಡುತ್ತದೆ.

ಡ್ರಾಫ್ಟ್ ಕೂಡ ಕೈಯಿಂದ ಹಾಕಿದ್ದು, ಮರೆಯುವವರು ಇದನ್ನೂ ಮರೆಯುತ್ತಾರೆ. ಬೀಚಿನಲ್ಲಿ ನಿಂತವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಕಣ್ಣ ಮುಂದೆಯೇ ಇದೆ. ಹೆಚ್ಚಿನ ಹಡಗುಗಳ ಕೆಳಭಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತದೆ. ಬೆಳಿಗ್ಗೆಯ ಬಿಸಿಲಿಗೆ ಅಗಲವಾದ ಕೆಂಪು ಪಟ್ಟಿ ಕಂಡರೆ ಖಾಲಿ. ಬರೀ ಕಪ್ಪೋ ನೀಲಿಯೋ ಕಂಡು ಡೆಕ್ ನೀರಿಗೆ ಹತ್ತಿರ ಇದ್ದರೆ ತುಂಬಿದ ಹಡಗು.

ವಾರದಿಂದ ಹೊರಗೇ ನಿಂತಿದೆ. ಒಳಗೆ ಯಾಕೆ ಬಿಡುವುದಿಲ್ಲ?

ಬರ್ತ್ ಖಾಲಿ ಇಲ್ಲದಿರಬಹುದು, ದಡದ ಟ್ಯಾಂಕಿನಲ್ಲಿ ಜಾಗ ಇಲ್ಲದಿರಬಹುದು, ಕಾಗದಪತ್ರ ಮುಗಿದಿಲ್ಲದಿರಬಹುದು. ಮಳೆಗಾಲದಲ್ಲಿ ಕಡಲು ಎದ್ದಾಗ, ಹಡಗಿಗೆ ಬಂದರಿನೊಳಗೆ ದಾರಿ ತೋರಿಸುವ ಪೈಲಟ್ ಹತ್ತುವುದೇ ಕಷ್ಟ. ಕೊಳ್ಳುವವರೇ ಬದಲಾಗುತ್ತಿರುವುದೂ ಉಂಟು. ವಾರ, ಹತ್ತು ದಿನ ದೊಡ್ಡ ಸಂಗತಿಯಲ್ಲ.

ತಮ್ಮನಿಗೆ ಚಿಕ್ಕ ಟ್ಯಾಂಕರಿನಲ್ಲಿ ಕೆಲಸ ಸಿಕ್ಕಿದೆ. ಹತ್ತುವ ಮೊದಲು ಏನು ನೋಡಬೇಕು?

ಈ ಎಲ್ಲ ಹುಡುಕಾಟ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ. ಏಜೆಂಟಿನ ಹತ್ತಿರ ಐಎಂಒ ನಂಬರ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಬಿಟ್ಟುಬಿಡಿ. ಕೊಟ್ಟರೆ ಈಕ್ವಾಸಿಸ್ ತೆರೆಯಿರಿ. ಹಡಗಿಗೆ ಎಷ್ಟು ವಯಸ್ಸು? ಕೆಲವೇ ವರ್ಷಗಳಲ್ಲಿ ಎಷ್ಟು ಹೆಸರು, ಎಷ್ಟು ಧ್ವಜ ಬದಲಾಗಿವೆ? ವರ್ಗೀಕರಣ ಸಂಸ್ಥೆ ಯಾವುದು, ಅಥವಾ ಸರ್ಟಿಫಿಕೇಟ್ ವಾಪಸ್ ಪಡೆದಿದ್ದಾರಾ? ತಪಾಸಣೆಯಲ್ಲಿ ಎಷ್ಟು ಸಲ ತಡೆಹಿಡಿದಿದ್ದಾರೆ? ಆಮೇಲೆ ಬಂದರು ಭೇಟಿ ನೋಡಿ. ದುಡಿಯುವ ಚಿಕ್ಕ ಟ್ಯಾಂಕರ್ ತಿಂಗಳಿಗೆ ಕೆಲವು ಬಂದರು ಮುಟ್ಟುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಲಂಗರಿನಲ್ಲಿ ನಿಂತಿದ್ದರೆ ಆ ಹಡಗಿಗೆ ದುಡಿಮೆ ಇಲ್ಲ. ದುಡಿಮೆ ಇಲ್ಲದ ಹಡಗಿನಲ್ಲಿ ಸಂಬಳವೂ ಇರುವುದಿಲ್ಲ.

ಯುಎಇಯ ಎದುರು ನಿಂತಿದ್ದ ಐಬಾ ಎಂಬ ಚಿಕ್ಕ ಟ್ಯಾಂಕರಿನ ಕಥೆ ಇದೇ. ಮಾಲೀಕರ ಹತ್ತಿರ ದುಡ್ಡು ಮುಗಿಯಿತು, ಭಾರತೀಯರೂ ಇದ್ದ ಐದು ಜನ ಸಂಬಳ ಇಲ್ಲದೆ ವರ್ಷಗಟ್ಟಲೆ ಒಳಗೇ ಉಳಿದರು. 2021ರ ಜನವರಿಯಲ್ಲಿ ಗಾಳಿಗೆ ಲಂಗರು ಕಡಿದು ಹಡಗು ಉಮ್ ಅಲ್ ಕ್ವೈನ್ ಬೀಚಿಗೆ ಬಂದು ಕೂತಿತು. ಹೀಗೆ ಕೈಬಿಟ್ಟ ಹಡಗುಗಳ ಪಟ್ಟಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಕಡಲ ಸಂಸ್ಥೆ ಸೇರಿ ನಡೆಸುತ್ತವೆ, ಯಾರು ಬೇಕಾದರೂ ನೋಡಬಹುದು. ಕಡಲ ಕಾರ್ಮಿಕರ ಒಪ್ಪಂದಕ್ಕೆ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಎರಡು ತಿಂಗಳ ಸಂಬಳ ಬಾಕಿಯಾದರೂ ಕೈಬಿಟ್ಟಂತೆಯೇ ಲೆಕ್ಕ. ಇಂಥ ಸಂದರ್ಭಕ್ಕೆ ವಿಮೆ ಇದೆ ಎಂಬ ಪತ್ರ ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹತ್ತಿದ ಮೊದಲ ದಿನವೇ ಅದರ ಫೋಟೋ ತೆಗೆದು ಮನೆಗೆ ಕಳಿಸಲು ತಮ್ಮನಿಗೆ ಹೇಳಿ. ಏಜೆಂಟಿಗೆ, ನಾವಿಕರನ್ನು ಕೆಲಸಕ್ಕೆ ಕಳಿಸಲು ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಮೊದಲೇ ನೋಡುವುದು ಹೇಗೂ ಇದ್ದದ್ದೇ.

ಹಡಗಿನಲ್ಲಿರುವವರ ಹೆಸರು ನಕ್ಷೆಯಲ್ಲಿ ಸಿಗುತ್ತದಾ?

ಇಲ್ಲ. ಸಿಗಲೂಬಾರದು.

ದುಡ್ಡು ಕೊಟ್ಟು ಚಂದಾ ತಗೊಳ್ಳಬೇಕಾ?

ಒಬ್ಬರ ಹಡಗು ನೋಡುವ ಮನೆಯವರಿಗೆ ಬೇಡ. ಚಂದಾದಲ್ಲಿ ಸಿಗುವುದು ಮುಖ್ಯವಾಗಿ ಉಪಗ್ರಹದ ಮಾಹಿತಿ ಮತ್ತು ಹಳೆಯ ಬಂದರು ಭೇಟಿಗಳು. ಉಚಿತ ಖಾತೆಯಲ್ಲಿ ಹಳೆಯದು ಬೇಗ ಮರೆಯಾಗುತ್ತದೆ. ಅದಕ್ಕೆ ಒಂದು ನೋಟ್‌ಬುಕ್ ಸಾಕು: ತಾರೀಕು, ಬಂದರು, ಬಂದಾಗ ಡ್ರಾಫ್ಟ್, ಹೋದಾಗ ಡ್ರಾಫ್ಟ್, ಮುಂದಿನ ಊರು ಅಂತ ಹಾಕಿದ್ದು, ನಿಜವಾಗಿ ಹೋದದ್ದು. ಆರು ತಿಂಗಳು ಬರೆದರೆ ಹಡಗು ಯಾವ ಯಾವ ಬಂದರುಗಳ ನಡುವೆ ತಿರುಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಮುಂದಿನ ಸಲ ಸೆಕೆಂಡ್ ಆಫೀಸರ್ ಏನೇ ಟೈಪ್ ಮಾಡಿರಲಿ, ಅದು ಎತ್ತ ಹೊರಟಿದೆ ಅಂತ ನೀವು ಮೊದಲೇ ಹೇಳಬಹುದು.